ಬೆಂಕಿ ಬಿಟ್ಟುಹೋದ ಸಾಕ್ಷಿ

ಬೆಂಕಿ ಬಿದ್ದ ಮನೆಗೆ ಬರುವ ತನಿಖಾಧಿಕಾರಿಗಳು ಮೊದಲು ಹುಡುಕುವುದು ಬೆಂಕಿ ಹುಟ್ಟಿದ ಜಾಗವನ್ನು, ಕಾರಣ ಆಮೇಲೆ. ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ನೋಡುತ್ತಾ ಹೋಗುತ್ತಾರೆ. ಗೋಡೆಯ ಮಸಿ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿದ್ದರೆ, ಅದರ ಬುಡದಲ್ಲಿ ಏನೋ ಉರಿದಿದೆ ಎಂಬ ಸುಳಿವು.

ಗ್ಯಾಸ್ ಸ್ಫೋಟವಾದರೆ ಎರಡು ಜಾಗ ಹುಡುಕಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೂ ಒಂದು ಕಿಡಿ ಸಾಕು. ಸೋರಿದ್ದು ಅಡುಗೆಮನೆಯಲ್ಲಿ, ಕಿಡಿ ಹಾರಿದ್ದು ಹಾಲ್‌ನ ಸ್ವಿಚ್ಚಿನಲ್ಲಿ ಇರಬಹುದು!

ಹಾಗಾಗಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆಯಿರಿ. ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.