ಪಟ್ಟಿಗೆ ಕಾಣದ ಕನ್ನಡ ಶಾಲೆ

ಕೇಂದ್ರ ಸರ್ಕಾರವು 2018ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದ 111 ನಗರಗಳಲ್ಲಿ ಪುಣೆ ಪ್ರಥಮ, ಬೆಂಗಳೂರು 58ನೆಯದು. 2021ರ ಮಾರ್ಚಿನಲ್ಲಿ ಹೊರಬಂದ ಮುಂದಿನ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕೆ ಮೇಲ್ಪಟ್ಟ ಜನರುಳ್ಳ ನಗರಗಳ ಪೈಕಿ ಬೆಂಗಳೂರೇ ಪ್ರಥಮ. ಮೂರು ವರ್ಷಗಳೊಳಗೆ ಊರು ಅಷ್ಟು ಸುಧಾರಿಸಿತೇ? ಅಲ್ಲಿ ವಾಹನಗಳ ನಡುವೆ ಸಿಲುಕಿದವರು ನಂಬಲಾರರು. ಅಳತೆಗೋಲೇ ಬದಲಾಗಿತ್ತು: ದೊಡ್ಡ, ಸಣ್ಣ ನಗರಗಳನ್ನು ಬೇರ್ಪಡಿಸಿ, ನಾಗರಿಕರ ಅಭಿಪ್ರಾಯಕ್ಕೆ ಹೊಸದಾಗಿ ನೂರರಲ್ಲಿ 30 ಅಂಕಗಳನ್ನು ಇರಿಸಲಾಗಿತ್ತು.

ಶಿಕ್ಷಣದ ಅಂಕ ಕಟ್ಟುವಾಗ ಸಾಕ್ಷರತೆ, ಶಾಲೆ ಬಿಟ್ಟವರ ಪ್ರಮಾಣ, ಶಿಕ್ಷಕರಿಗೂ ಮಕ್ಕಳಿಗೂ ಇರುವ ಅನುಪಾತ ಮುಂತಾದವು ಎಣಿಕೆಗೆ ಬರುತ್ತವೆ. ಮಗು ತಾಯ್ನುಡಿಯಲ್ಲಿ ಕಲಿಯುತ್ತಿದೆಯೇ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಸೊಲ್ಲಾಪುರವೂ ಈ ಪಟ್ಟಿಯಲ್ಲಿದೆ. ಅಲ್ಲಿಯ ಒಂದು ಕನ್ನಡ ಶಾಲೆಗೆ ಬೀಗ ಬಿದ್ದು, ಮಕ್ಕಳೆಲ್ಲ ಅನ್ಯ ಮಾಧ್ಯಮಕ್ಕೆ ಸೇರಿದರೂ ನಗರದ ಅಂಕ ಕುಗ್ಗದು.

ಸಂವಿಧಾನದ ದೃಷ್ಟಿ ಬೇರೆ. 1956ರಲ್ಲಿ ಸೇರಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. (ಈ 'ಪ್ರಯತ್ನ' ಎಂಬ ಮೆತ್ತನೆಯ ಮಾತು ವಕೀಲರಿಗೆ ತಂದೊಡ್ಡುವ ತೊಡಕು ಬೇರೆಯೇ ಕಥೆ.) ಸ್ಥಳೀಯ ಸಂಸ್ಥೆಯೆಂದರೆ ನಗರದಲ್ಲಿ ಮಹಾನಗರಪಾಲಿಕೆಯೇ. ಶಾಲೆ ಮುಚ್ಚುವ ಸುಳಿವು ದೊರೆತೊಡನೆ ಪಾಲಕರು ಆ ವಿಧಿಯನ್ನು ಉಲ್ಲೇಖಿಸಿ ಅಲ್ಲಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.