ಹಳೆಯ ಪಟಗಳಲ್ಲಿ ದಕ್ಷಿಣದ ಸಿಪಾಯಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ಉತ್ತರದವರಿಗೂ ದಕ್ಷಿಣದವರಿಗೂ ಘೋರವಾದ ಅಂತರ್ಯುದ್ಧವು ನಡೆದುದು ವಾಚಕರಿಗೆ ವಿದಿತವೇ ಆಗಿದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರೆಯಾದ 11 ದಕ್ಷಿಣ ಸಂಸ್ಥಾನಗಳು ಕಾನ್ಫೆಡರೇಟ್ ಎಂಬ ಹೆಸರಿನಿಂದ ಕೂಡಿಕೊಂಡಿದ್ದುವು. ಅವುಗಳ ಸಿಪಾಯಿಗಳು ತಮ್ಮ ಮನೆಯವರಿಗಾಗಿ ತೆಗೆಯಿಸಿಕೊಂಡ ಪುಟ್ಟ ಭಾವಚಿತ್ರಗಳು ಇಂದಿಗೂ ಉಳಿದಿವೆ. ವಾಷಿಂಗ್ಟನ್ ನಗರದ ಕಾಂಗ್ರೆಸ್ ಗ್ರಂಥಾಲಯಕ್ಕೆ ಲಿಲ್ಜೆನ್‌ಕ್ವಿಸ್ಟ್ ಮನೆತನದವರು 2010ರಿಂದೀಚೆಗೆ ಇತ್ತಂಡಗಳ ಇಂತಹ ಪಟಗಳನ್ನು ನೂರುಗಟ್ಟಲೆ ದಾನಮಾಡಿರುವರು. ಅನೇಕ ಪಟಗಳಲ್ಲಿ ಹೆಸರಿಲ್ಲ, ಊರಿಲ್ಲ. ಇರುವುದು ಮುಖವೊಂದು, ದಿರಸೊಂದು. ಆ ದಿರಸಿನಿಂದಲೇ ಮನುಷ್ಯನನ್ನು ಗುರುತಿಸಬೇಕು.

ಇವುಗಳ ಪ್ರತಿಗಳನ್ನು ಮೊದಲು ನೋಡಿದಾಗ ನಾವು ಚೆನ್ನಾಗಿ ಮೋಸಹೋದೆವು. ಕತ್ತಿಯನ್ನು ಬಲಮಗ್ಗುಲಿಗೆ ಕಟ್ಟಿದವರನ್ನು ಒಬ್ಬರ ಹಿಂದೆ ಒಬ್ಬರಂತೆ ಕಂಡು, ಆ ನಾಡಿನಲ್ಲಿ ಎಡಚರು ಇಷ್ಟು ಮಂದಿಯೇ ಎಂದುಕೊಂಡೆವು! ಒಬ್ಬನ ಸೊಂಟಪಟ್ಟಿಯ ಬಿಲ್ಲೆಯಲ್ಲಿ ಅಕ್ಷರಗಳು ತಿರುವುಮುರುವಾಗಿದ್ದುದನ್ನು ಕಂಡ ಬಳಿಕವೇ ನಿಜಸ್ಥಿತಿಯು ತಿಳಿದುದು. ಅಂದು ಗಾಜಿನ ಫಲಕದ ಮೇಲೆಯೋ ಕಬ್ಬಿಣದ ತೆಳು ತಗಡಿನ ಮೇಲೆಯೋ ನೇರವಾಗಿ ಪಟ ತೆಗೆಯುತ್ತಿದ್ದರು; ಅದು ಸಾಮಾನ್ಯವಾಗಿ ಕನ್ನಡಿಯ ಪ್ರತಿಬಿಂಬದಂತೆ ಎಡಬಲ ಬದಲಾಗಿ ಬರುತ್ತಿದ್ದಿತು. ಆದುದರಿಂದ ನೋಡುವವರು ಮೊದಲು ಮನಸ್ಸಿನಲ್ಲಿಯೇ ಅದನ್ನು ತಿರುಗಿಸಿಕೊಳ್ಳತಕ್ಕದ್ದು. ಆಗ ತೋಟಾಗಳ ಪೆಟ್ಟಿಗೆಯು ಬಲಸೊಂಟಕ್ಕೂ, ಕೇಪುಗಳ ಸಣ್ಣ ಚೀಲವು ಅದರ ಮುಂದಕ್ಕೂ, ಬಯೊನೆಟ್ಟು ಎಡಕ್ಕೂ ಬಂದು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುವು.

ಬಣ್ಣದ ಮೋಸವು ಇದಕ್ಕಿಂತ ಸೂಕ್ಷ್ಮವಾದುದು. ಅಂದಿನ ಕೊಲೋಡಿಯನ್ ಲೇಪವು ನೀಲಿಯನ್ನು ಬೇಗ ಗ್ರಹಿಸುವುದು. ಕೆಂಪು ಹಳದಿಗಳಿಗೆ ಬಹುಮಟ್ಟಿಗೆ ಕುರುಡು. ತಿಳಿನೀಲಿಯ ಷರಾಯಿ ಬಿಳುಪಾಗಿ ತೋರುವುದು, ಕೆಂಪು ಕಾಲರು ಕಪ್ಪಾಗಿ ತೋರುವುದು. 1861ರ ದಕ್ಷಿಣದ ಸೇನಾನಿಯಮದಂತೆ ಬೂದುಬಣ್ಣದ ಕೋಟಿಗೆ ಪದಾತಿಗಳು ನೀಲಿಯ, ಫಿರಂಗಿದಳದವರು ಕೆಂಪಿನ, ಕುದುರೆಯ ಸವಾರರು ಹಳದಿಯ ಕಾಲರನ್ನು ಧರಿಸಬೇಕು. ಪಟದಲ್ಲಿ ಕಾಲರು ಕಪ್ಪಗಿದೆಯೆಂಬಷ್ಟರಿಂದಲೇ ದಳವನ್ನು ನಿಶ್ಚಯಿಸುವುದು ಹೇಗೆ?

ನಿಯಮವಾದರೂ ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಯುದ್ಧದ ಮೊದಲ ವರ್ಷಗಳಲ್ಲಿ ಸಿಪಾಯಿಯೇ ಬಟ್ಟೆಯನ್ನು ಹೊಂದಿಸಿಕೊಳ್ಳುವುದು, ಸರ್ಕಾರವು ಹಣ ಕೊಡುವುದು ಎಂಬ ಏರ್ಪಾಡಿದ್ದಿತು. ತಾಯಂದಿರೂ ಹೆಂಡಿರೂ ಅಕ್ಕತಂಗಿಯರೂ ನೂತು, ನೆಯ್ದು, ಹೊಲಿದು ಕಳುಹಿದರು. ಅಕ್ರೋಟಿನ ಸಿಪ್ಪೆ, ಅನ್ನಭೇದಿ ಮೊದಲಾದುವುಗಳಿಂದ ಕಟ್ಟಿದ ಆ ಕಂದುಬಣ್ಣಕ್ಕೆ ಬಟರ್‌ನಟ್ ಎಂಬ ಹೆಸರು ಬಂದು, ಕೊನೆಗೆ ಸಿಪಾಯಿಗೇ ಅಂಟಿಕೊಂಡಿತು. ಗಿಡಮೂಲದ ಬಣ್ಣಗಳಿಂದಾದ ಬೂದು ಬಟ್ಟೆಯೂ ಬಿಸಿಲಿಗೆ ಕಂದಿಗೆ ತಿರುಗುತ್ತಿದ್ದುದುಂಟು. ಮುಂದೆ ಸರ್ಕಾರವೇ ಬಟ್ಟೆಯ ಉಗ್ರಾಣಗಳನ್ನು ತೆರೆಯಿತು. ರಿಚ್‌ಮಂಡಿನಲ್ಲಿ ಬಟ್ಟೆಯನ್ನು ಕತ್ತರಿಸಿ, ಹೊಲಿಗೆಯನ್ನು ಊರಿನ ಹೆಂಗಸರಿಗೆ ಕೂಲಿಗೆ ಕೊಡುತ್ತಿದ್ದರು. ಅಲ್ಲಿಯ ಗಿಡ್ಡ ಅಂಗಿಗೆ ಸಾಮಾನ್ಯವಾಗಿ ಒಂಬತ್ತು ಗುಂಡಿಗಳು. ಜಾರ್ಜಿಯಾದ ಕೊಲಂಬಸ್ ಉಗ್ರಾಣದ ಅಂಗಿಗೆ ನೀಲಿಯ ಕಾಲರು, ನೀಲಿಯ ಕೈಪಟ್ಟಿ. ಹೆಸರಿಲ್ಲದ ಪಟದಲ್ಲಿ ಸಿಪಾಯಿಯ ಜಾಡನ್ನು ಹಿಡಿಯುವುದಕ್ಕೆ ಇಂತಹ ಹೊಲಿಗೆಯ ಗುರುತುಗಳೇ ಒಳ್ಳೆಯ ಆಧಾರ. ದರ್ಜಿಯ ಕಣ್ಣು ಇತಿಹಾಸಕಾರನಿಗೆ ಬೇಕಾಗುವುದು ಇಲ್ಲಿಯೇ.

ಬೂದುಬಣ್ಣವಿದೆ, ಆದುದರಿಂದ ದಕ್ಷಿಣದವನು ಎಂಬುದು ನೈಯಾಯಿಕರು ಹೇಳುವ ಸವ್ಯಭಿಚಾರ ಹೇತು. 1861ರ ಜುಲೈ 21ರಂದು ಬುಲ್‌ರನ್ ಎಂಬಲ್ಲಿ ನಡೆದ ಕದನದಲ್ಲಿ ಉತ್ತರದ ವಿಸ್ಕಾನ್ಸಿನ್ ದಳವೊಂದು ಬೂದುಬಣ್ಣವನ್ನುಟ್ಟಿದ್ದಿತು. ದಕ್ಷಿಣದ 33ನೆಯ ವರ್ಜೀನಿಯಾ ದಳದಲ್ಲಿ ನೀಲಿಯುಟ್ಟವರಿದ್ದರು. ತಮ್ಮವರೇ ಬರುತ್ತಿರುವರೆಂದು ಉತ್ತರದವರು ಗುಂಡು ಹಾರಿಸದೆ ನಿಂತು ಫಿರಂಗಿಗಳನ್ನು ಕಳೆದುಕೊಂಡರು. ಶತ್ರುವಿನಿಂದ ಸೆಳೆದುಕೊಂಡ ಬಿಲ್ಲೆಯನ್ನೂ ಬಂದೂಕನ್ನೂ ಧರಿಸಿದ ದಕ್ಷಿಣದವರಿಗಂತೂ ಲೆಕ್ಕವಿಲ್ಲ.

ಆಯುಧಗಳೂ ಎಲ್ಲ ಸಮಯದಲ್ಲಿಯೂ ಸತ್ಯವನ್ನು ಹೇಳುವುವೆಂದು ತಿಳಿಯಬಾರದು. ಪಟ ತೆಗೆಯುವವನ ಅಂಗಡಿಯಲ್ಲಿ ಪಿಸ್ತೂಲುಗಳೂ ಉದ್ದ ಚೂರಿಗಳೂ ಎರವಲಿಗೆ ಸಿದ್ಧವಾಗಿರುತ್ತಿದ್ದುವು. ಗೆಟಿಸ್‌ಬರ್ಗ್ ರಣರಂಗದಲ್ಲಿ 1863ರಲ್ಲಿ ತೆಗೆದ, ಅಲೆಕ್ಸಾಂಡರ್ ಗಾರ್ಡ್ನರ್ ಎಂಬವರು ಪ್ರಕಟಿಸಿದ, ಬಂಡೆಗಳ ನಡುವೆ ಮಲಗಿರುವ ಗುರಿಕಾರನ ಪಟವು ಪ್ರಸಿದ್ಧವಾದುದು. ಆ ಶವವನ್ನು ಬೇರೆಡೆಯಿಂದ ಹೊತ್ತು ತಂದುದು, ಪಕ್ಕದ ಬಂದೂಕು ಪಟಕ್ಕಾಗಿ ಇರಿಸಿದುದು ಎಂದು ವಿಲಿಯಂ ಫ್ರಸಾನಿಟೋ 1975ರಲ್ಲಿ ತೋರಿಸಿಕೊಟ್ಟರು. ಸತ್ತವನು ಗುರಿಕಾರನೆಂಬುದಕ್ಕೆ ಆ ಬಂದೂಕಿನ ಹೊರತು ಬೇರೆ ಆಧಾರವೇನಿದ್ದಿತು?

ಇದಕ್ಕಿಂತ ನಮ್ಮ ಮನಸ್ಸನ್ನು ಕಲಕಿದ ಪಟವು ಬೇರೊಂದು. ಕಬ್ಬಿಣದ ತಗಡಿನ ಮೇಲೆ ಇಬ್ಬರು ತರುಣರು ಪಕ್ಕಪಕ್ಕದಲ್ಲಿ ಕುಳಿತಿರುವರು: ಬಿಳಿಯನಾದ ಆಂಡ್ರೂ ಚಾಂಡ್ಲರ್, ಕರಿಯನಾದ ಸೈಲಸ್ ಚಾಂಡ್ಲರ್. ಇಬ್ಬರ ಮೈಮೇಲೂ ಸಿಪಾಯಿಯ ದಿರಸು, ಇಬ್ಬರ ಕೈಯಲ್ಲೂ ಚೂರಿ. ಕರಿಯರೂ ಸ್ವಇಚ್ಛೆಯಿಂದ ದಕ್ಷಿಣದ ಪರವಾಗಿ ಕಾದಿದರೆಂದು ವಾದಿಸುವವರು ಈ ಪಟವನ್ನೇ ಪುರಾವೆಯಾಗಿ ಮುಂದಿಟ್ಟರು. ವಾಸ್ತವವಾಗಿ ಸೈಲಸನು ಆ ಮನೆತನದ ಗುಲಾಮ. ಯಜಮಾನನ ಸೇವೆಗೆಂದು ಜೊತೆಯಲ್ಲಿ ಹೋದವನು. ಕರಿಯರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳಲು ದಕ್ಷಿಣದ ಶಾಸನಸಭೆಯು ಒಪ್ಪಿದುದೇ 1865ರ ಮಾರ್ಚಿಯಲ್ಲಿ, ಯುದ್ಧವು ಮುಗಿಯುವ ಹೊತ್ತಿಗೆ. 1863ರಲ್ಲಿ ಚಿಕಮಾಗಾ ಕದನದಲ್ಲಿ ಗಾಯಗೊಂಡ ಆಂಡ್ರೂವನ್ನು ಮನೆ ಮುಟ್ಟಿಸಿದವನು ಸೈಲಸನೇ. 2014ರಲ್ಲಿ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿದ ಈ ಪಟದ ವಿವರಣೆಯಲ್ಲಿ ಒಬ್ಬನನ್ನು 44ನೆಯ ಮಿಸಿಸಿಪ್ಪಿ ದಳದ ಸಾರ್ಜೆಂಟ್ ಎಂದೂ, ಇನ್ನೊಬ್ಬನನ್ನು ಮನೆತನದ ಗುಲಾಮನೆಂದೂ ಬರೆದಿರುವರು.