ಕ್ಯಾಸಲ್‌ರಾಕಿನ ಸುಂಕದ ಠಾಣ್ಯ

ಕ್ಯಾಸಲ್‌ರಾಕನ್ನು ಈಗಿನ ಪ್ರವಾಸಿಗಳು ದೂಧಸಾಗರದ ದಾರಿಯೆಂದಷ್ಟೇ ಬಲ್ಲರು. ಪೋರ್ತುಗೀಜರ ಗೋವೆಗೆ ಹೋಗುವ ಉಗಿಬಂಡಿಗೆ ನಮ್ಮ ಕಡೆಯ ಕೊನೆಯ ನಿಲ್ದಾಣವೂ ಸುಂಕದ ಠಾಣ್ಯವೂ ಇದೇ ಆಗಿದ್ದಿತೆಂದು ವಾಚಕರಿಗೆ ಜ್ಞಾಪಿಸುತ್ತೇವೆ.

ಆಂಗ್ಲರು 1947ರಲ್ಲಿ ತೆರಳಿದರು. ಪೋರ್ತುಗಲ್ಲಾದರೋ, ಗೋವೆಯು ವಸಾಹತೇ ಅಲ್ಲ, ಸಮುದ್ರದಾಚೆಯ ತನ್ನ ಪ್ರಾಂತವೆಂದು 1951ರಲ್ಲಿ ಸಂವಿಧಾನವನ್ನೇ ತಿದ್ದಿಕೊಂಡಿತು. ದೊರೆತನಕ್ಕೆ ಹೆಸರು ಬದಲಿಸಿ ಉಳಿಸಿಕೊಳ್ಳುವ ಈ ಜಾಣತನಕ್ಕೆ ಏನೆನ್ನೋಣ! 1953ರ ಜೂನಿನಲ್ಲಿ ಭಾರತವು ಲಿಸ್ಬನ್ನಿನ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಹಳಿಯ ಮೇಲಿನ ಸಂಚಾರವೂ ನಿಂತಿತು. ರಾಜಧಾನಿಗಳ ಮುನಿಸಿನ ಭಾರವನ್ನು ಹೊತ್ತುದು ಈ ಘಟ್ಟದ ಊರು.

1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾಯಿತು. ಆ ನೆಲ ಭಾರತದ್ದೆಂದು ಒಪ್ಪಲು ಪೋರ್ತುಗಲ್ಲಿಗೆ ಮತ್ತೆ ಹದಿಮೂರು ವರ್ಷ ಬೇಕಾಯಿತು. 1974ರ ಏಪ್ರಿಲಿನಲ್ಲಿ ಅಲ್ಲಿಯ ಸರ್ವಾಧಿಕಾರವು ಉರುಳಿದ ಮೇಲೆಯೇ, ಅದೇ ವರ್ಷದ ಡಿಸೆಂಬರ್ 31ರಂದು, ಒಪ್ಪಂದಕ್ಕೆ ರುಜು ಬಿದ್ದಿತು.